ಅಂಚು ಸೆರಗಿನ ಹ್ಯಾಂಡಲ್

ವೆಂಕಟರಾಯಪ್ಪ ಹೋದ ತಿಂಗಳು ಒಂದು ಸೋಮವಾರ ಬೆಳಿಗ್ಗೆ ತೀರಿಕೊಂಡ. ಮಲಗಿದ್ದವನು ಏಳಲಿಲ್ಲ. ಹೃದಯ ಎಂದರು ಡಾಕ್ಟರು. ಸುದ್ದಿ ತಂದವರು ಬಾಗಿಲಲ್ಲೇ ನಿಂತು ಹೇಳಿದರು. ನನ್ನ ಹೆಂಡತಿ ಮುತ್ಯಾಲಮ್ಮ ಒಳಗೆ ಹೋಗಿ ಹಾಲಿನ ಪಾತ್ರೆ ಇಳಿಸಿ, ಒಲೆ ಆರಿಸಿ ಬಂದಳು. ಇಬ್ಬರೂ ಹೊರಟೆವು.

ಅವನು ದೊಡ್ಡಬಳ್ಳಾಪುರದ ನೇಕಾರ. ಮನೆಯ ಮುಂಭಾಗದಲ್ಲಿ ಪವರ್‌ಲೂಮು, ಹಿಂಭಾಗದಲ್ಲಿ ಸಂಸಾರ. ನಾನು ಬಾಶೆಟ್ಟಿಹಳ್ಳಿಯ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಗುಮಾಸ್ತ. ಹೈಸ್ಕೂಲಿನ ಬೆಂಚಿನಿಂದ ಶುರುವಾದ ಸ್ನೇಹ. ತೀರಿಕೊಂಡವರ ಬಗ್ಗೆ ಸರಳ ಜೀವಿ, ಸ್ನೇಹಜೀವಿ ಎಂದೆಲ್ಲ ಹೇಳುವುದು ವಾಡಿಕೆ. ಹಾಗೆ ಹೇಳಿದರೆ ಅವನು ಎಲ್ಲಿದ್ದರೂ "ಯಾರ್ಲಾ ಅದು?" ಎಂದು ಕೇಳುತ್ತಾನೆ. ಅವನು ಸರಳನಲ್ಲ. ಒಂದು ಸೈಕಲ್ ಹ್ಯಾಂಡಲ್ ಆರಿಸಲು ಒಂದು ವರ್ಷ ತೆಗೆದುಕೊಂಡವನು. ಆ ವರ್ಷದಲ್ಲಿ ನನ್ನ ಮನೆಯ ನೆಮ್ಮದಿ, ಬಚ್ಚಲುಮನೆ ಮತ್ತು ಎರಡು ಅಂಗೈಗಳ ಚರ್ಮವನ್ನು ತೆಗೆದುಕೊಂಡವನೂ ಅವನೇ.

ಸೈಕಲ್ಲು ಸಾಮಾನ್ಯದ್ದಲ್ಲ. ಯಲಹಂಕದಲ್ಲಿದ್ದ ವಾಯುಸೇನೆಯ ಅಧಿಕಾರಿಯೊಬ್ಬರು ವರ್ಗವಾಗಿ ಹೋಗುವಾಗ ಮಾರಿದ ವಿಲಾಯತಿ ರೇಸ್ ಸೈಕಲ್ಲು. ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಸುತ್ತಿಕೊಂಡ ಉಕ್ಕಿನ ಹ್ಯಾಂಡಲ್, ಬೆರಳಗಲದ ಟೈರು. ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ, ಬೆಲ್ಲೂ ಇಲ್ಲ. (ಬೆಲ್ಲು ಅವನಿಗೆ ಬೇಕಾಗಲಿಲ್ಲ. ಮಗ್ಗದ ಸದ್ದಿನೊಳಗೆ ಹುಟ್ಟಿ ಬೆಳೆದವರ ದನಿ ಹೇಗಿರುತ್ತದೆಂದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು. ಅವನು ಕಿವಿಯಲ್ಲಿ ಹೇಳಿದ ಗುಟ್ಟು ಬೀದಿಯ ಆ ತುದಿಯಲ್ಲಿ ಚರ್ಚೆಯಾಗುತ್ತಿತ್ತು.) ಮದುವೆಗೆ ಮುಂಚೆ ನಾವಿಬ್ಬರೂ ಭಾನುವಾರಗಳಂದು ದೇವನಹಳ್ಳಿ ದಾಟಿ ನಲ್ಲೂರಿನ ಹುಣಿಸೆ ತೋಪಿಗೆ ಹೋಗುತ್ತಿದ್ದೆವು. ಅವನು ಆ ಟಗರಿನ ಮೇಲೆ ಬಗ್ಗಿಕೊಂಡು ಹಾರುತ್ತಿದ್ದ. ನಾನು ಹಾಲಿನವರು ಓಡಿಸುವಂಥ ನನ್ನ ಗಜಗಾತ್ರದ ಸೈಕಲ್ಲನ್ನು ತುಳಿದು ತೋಪು ತಲುಪುವ ಹೊತ್ತಿಗೆ ಅವನು ಮರದಡಿಯಲ್ಲಿ ಒಂದು ನಿದ್ದೆ ಮುಗಿಸಿ, "ದಾರೀಲಿ ಮದ್ವೆ ಗಿದ್ವೆ ಊಟ ಇತ್ತೇನೋ?" ಎಂದು ಕೇಳುತ್ತಿದ್ದ.

ಆಮೇಲೆ ಮದುವೆಗಳಾದವು, ಮಗ್ಗಗಳು ಹೆಚ್ಚಿದವು, ಸೈಕಲ್ಲು ಅಟ್ಟ ಸೇರಿತು.

ಎರಡು ವರ್ಷದ ಹಿಂದೆ ಅವನ ಬಲಗೈ ಬೆರಳುಗಳಿಗೆ ಜೋಮು ಹಿಡಿಯಲು ಶುರುವಾಯಿತು. ಮೊದಮೊದಲು ಒದರಿದರೆ ಹೋಗುತ್ತಿತ್ತು. ಆಮೇಲೆ ಹೋಗಲಿಲ್ಲ. ಒಂದು ಸಂಜೆ ಮಗ್ಗ ನಿಲ್ಲಿಸಿ, ತುಂಡಾದ ಎಳೆಯೊಂದನ್ನು ಹಿಡಿದು ನನ್ನ ಮುಂದೆ ಕೂತ.

"ಕಣ್ಣು ಮುಚ್ಕೊಂಡೇ ಎಳೆ ಗಂಟಾಕ್ತಿದ್ದೆ ಕಣೋ. ಈಗ ಹಿಡ್ಕೊಂಡಿದ್ದೀನೋ ಇಲ್ವೋ ಅಂತ ನೋಡಿ ತಿಳ್ಕೋಬೇಕು."

"ಡಾಕ್ಟರು ಏನಂದ್ರು?"

"ಮಗ್ಗ ಕಮ್ಮಿ ಮಾಡು, ಮಾತ್ರೆ ಜಾಸ್ತಿ ಮಾಡು ಅಂದ್ರು. ಅದಲ್ಲ ಮುನಿರಾಮ. ಕೈ ಪೂರ್ತಿ ಹೋಗೋದ್ರೊಳಗೆ ಒಂದ್ಸಲ ನಲ್ಲೂರಿಗೆ ಹೋಗ್ಬರ್ಬೇಕು. ಬಸ್ಸಲ್ಲಲ್ಲ. ಅದರ ಮೇಲೇನೇ."

ಅಟ್ಟದಿಂದ ಸೈಕಲ್ಲು ಇಳಿಯಿತು. ಒರೆಸಿ, ಎಣ್ಣೆ ಬಿಟ್ಟು, ಹೊಸ ಟೈರು ಹಾಕಿ ಹತ್ತಿದ. ರೈಲ್ವೆ ಸ್ಟೇಷನ್ನಿನವರೆಗೆ ಹೋಗಿ ತಳ್ಳಿಕೊಂಡು ಬಂದ. ರಸ್ತೆಯ ಪ್ರತಿಯೊಂದು ಕಲ್ಲನ್ನೂ ಆ ಉಕ್ಕಿನ ಹ್ಯಾಂಡಲ್ಲು ಅವನ ಅಂಗೈಗೆ ವರದಿ ಮಾಡುತ್ತಿತ್ತಂತೆ. ಅಷ್ಟು ದೂರಕ್ಕೇ ಬೆರಳು ಸತ್ತುಹೋಗಿದ್ದವು. ಬ್ರೇಕು ಹಿಡಿದದ್ದೂ ಗೊತ್ತಾಗಿರಲಿಲ್ಲ.

ಹ್ಯಾಂಡಲ್ ಬದಲಾಯಿಸಲೇಬೇಕೆಂದು ತೀರ್ಮಾನವಾಯಿತು. ಅಲ್ಯೂಮಿನಿಯಂ ಹಾಕಿಸುತ್ತೇನೆ, ಬೆಂಗಳೂರಿನಲ್ಲಿ ಸಿಗುತ್ತದೆ ಎಂದ. ಅಲ್ಲಿಗೆ ಬಿಟ್ಟಿದ್ದರೆ ಒಂದು ವಾರದಲ್ಲಿ ಮುಗಿಯುತ್ತಿದ್ದ ಕೆಲಸ. ಆದರೆ ಅವನಿಗೆ ನನ್ನಂಥ ಓದುವ ಚಟದ ಸ್ನೇಹಿತನಿದ್ದ. ಬೆಂಗಳೂರಿನ ಫುಟ್‌ಪಾತಿನಲ್ಲಿ ಹಳೇ ಪುಸ್ತಕಗಳ ರಾಶಿಯಿಂದ ನಾನು ಒಂದು ವಿದೇಶಿ ಸೈಕಲ್ ಪತ್ರಿಕೆ ತಂದಿದ್ದೆ. ಅದರಲ್ಲಿ ಕಾರ್ಬನ್ನಿನ ಹ್ಯಾಂಡಲ್ಲು ಎಂಬ ಅದ್ಭುತದ ವರ್ಣನೆ ಇತ್ತು. ಹೂವಿನಷ್ಟು ಹಗುರ, ಉಕ್ಕಿನಷ್ಟು ಗಟ್ಟಿ, ರಸ್ತೆಯ ಅದುರನ್ನೆಲ್ಲ ತಾನೇ ನುಂಗಿಕೊಂಡು ಸವಾರನ ಕೈಗೆ ಬರೀ ಶಾಂತಿಯನ್ನು ಕಳಿಸುತ್ತದೆ, ಇತ್ಯಾದಿ. ನಾನು ಮಗ್ಗಗಳ ನಡುವೆ ನಿಂತು, ಗಂಟಲು ಹರಿಯುವ ಹಾಗೆ ಕಿರುಚಿ ಉಪನ್ಯಾಸ ಕೊಟ್ಟೆ.

ಅವನ ಹೆಂಡತಿ ಆದಿಲಕ್ಷ್ಮಮ್ಮ ಕಂಡಿಕೆಗೆ ನೂಲು ಸುತ್ತುತ್ತಿದ್ದವರು ತಲೆಯೆತ್ತಿದರು. "ಕಾರ್ಬನ್ನು ಅಂದ್ರೆ ಟೈಪ್ ಮಾಡೋರು ಹಾಳೆ ಮಧ್ಯ ಇಡ್ತಾರಲ್ಲ, ಅದಾ ಮುನಿರಾಮಣ್ಣ? ಕೈಯೆಲ್ಲ ನೀಲಿ ಆಗಲ್ವಾ?"

"ಅದಲ್ಲಮ್ಮ, ಇದು ಬೇರೆ."

"ಅಲ್ಮೀನಿಯಮ್ಮೇ ವಾಸಿ," ಎಂದು ವೆಂಕಟರಾಯಪ್ಪ ಕೂಗಿದ.

"ನಮ್ಮನೆ ಇಡ್ಲಿ ಪಾತ್ರೆ ಅಲ್ಮೀನಿಯಮ್ಮೇ," ಎಂದರು ಆಕೆ. "ಒಂದ್ಸಲ ಕೈ ಜಾರಿ ಬಿತ್ತು. ಅವತ್ತಿಂದ ಮುಚ್ಚಳ ಕೂರಲ್ಲ. ಇವರು ಬಿದ್ರೆ ಯಾವುದು ಸೊಟ್ಟ ಆಗುತ್ತೋ ನೋಡ್ಕೊಳ್ಳಿ."

ತಿಂಗಳುಗಟ್ಟಲೆ ಈ ಜಗಳ ನಡೆಯಿತು. ನಾನು ಕಾರ್ಬನ್ ಪಕ್ಷ, ಅವನು ಅಲ್ಯೂಮಿನಿಯಂ ಪಕ್ಷ. ಕಾರ್ಬನ್ ಹ್ಯಾಂಡಲ್ಲು ಇಡೀ ಬೆಂಗಳೂರಿನ ಯಾವ ಅಂಗಡಿಯಲ್ಲೂ ಇರಲಿಲ್ಲ ಎಂಬ ಸಣ್ಣ ವಿಷಯವನ್ನು ನಾವಿಬ್ಬರೂ ದೊಡ್ಡದು ಮಾಡಲಿಲ್ಲ. ಒಳ್ಳೆಯ ಜಗಳಕ್ಕೆ ಸರಕು ಕೈಯಲ್ಲಿರಲೇಬೇಕು ಎಂದೇನಿಲ್ಲ. ಈಗ ಯೋಚಿಸಿದರೆ, ಅವನಿಗೂ ಅದು ಮುಗಿಯುವುದು ಬೇಕಿರಲಿಲ್ಲವೇನೋ. ಕಾರ್ಖಾನೆಯ ಬಸ್ಸಿಳಿದು ನಾನು ನೇರ ಅವನ ಮನೆಗೆ ಹೋಗುತ್ತಿದ್ದೆ. ದೂರದಿಂದಲೇ "ಬಂದ ನೋಡು ಕಾರ್ಬನ್ನು!" ಎಂಬ ಸ್ವಾಗತ ಕೇಳುತ್ತಿತ್ತು. ಮೊನ್ನೆಯೂ ಬಸ್ಸಿಳಿದವನು ಆ ಕಡೆಗೇ ತಿರುಗಿ, ಅರ್ಧ ಬೀದಿ ನಡೆದು, ವಾಪಸು ಬಂದೆ.

ಒಂದು ದಿನ ಪತ್ರಿಕೆಯ ಕೊನೆಯ ಪುಟಗಳಲ್ಲಿ ನಾನು ಓದದೆ ಬಿಟ್ಟಿದ್ದ ಒಂದು ಭಾಗ ಸಿಕ್ಕಿತು. ಕಾರ್ಬನ್ ಹ್ಯಾಂಡಲ್ಲು ಎಂದರೆ ಲೋಹವನ್ನು ಎರಕ ಹೊಯ್ದದ್ದಲ್ಲ, ಕಾರ್ಬನ್ನಿನ ಎಳೆಗಳನ್ನು ಬಟ್ಟೆಯಾಗಿ ನೇಯ್ದು, ಅಂಟಿನಲ್ಲಿ ಅದ್ದಿ, ಅಚ್ಚಿನ ಮೇಲೆ ಕಾಯಿಸಿ ಗಟ್ಟಿ ಮಾಡಿದ್ದು ಎಂದಿತ್ತು. ಇದನ್ನು ನಾನು ಅವನಿಗೆ ಹೇಳಬಾರದಿತ್ತು.

ವೆಂಕಟರಾಯಪ್ಪ ಎದ್ದು ಹೋಗಿ ಮಗ್ಗಗಳನ್ನು ಒಂದೊಂದಾಗಿ ನಿಲ್ಲಿಸಿದ. ಹಗಲು ಹೊತ್ತಿನಲ್ಲಿ ಆ ಮನೆ ಅಷ್ಟು ನಿಶ್ಶಬ್ದವಾದದ್ದನ್ನು ನಾನು ನೋಡಿರಲಿಲ್ಲ.

"ಇನ್ನೊಂದ್ಸಲ ಹೇಳು. ನೇಯ್ತಾರಾ?"

"ನೇಯ್ತಾರೆ."

"ಹಾಸು, ಹೊಕ್ಕು, ಎರಡೂ ಇರುತ್ತಾ?"

ಚಿತ್ರ ತೋರಿಸಿದೆ. ಕಪ್ಪು ಹ್ಯಾಂಡಲ್ಲಿನ ಮೇಲೆ ಚಾಪೆಯ ಹಾಗೆ ಎಳೆ ಮೇಲೆ ಎಳೆ ಹೆಣೆದದ್ದು ಸ್ಪಷ್ಟವಾಗಿ ಕಾಣುತ್ತಿತ್ತು. ಅವನು ಅದನ್ನು ಬೆಳಕಿಗೆ ಹಿಡಿದ, ಕಣ್ಣಿನ ಹತ್ತಿರ ತಂದ, ದೂರ ಹಿಡಿದ. ಅವನ ಮುಖ ನೋಡಿ ನನಗೆ ಹೆದರಿಕೆಯಾಯಿತು.

"ಲೇ ಮುನಿರಾಮ, ಇಷ್ಟು ದಿನ ಲೋಹ ಲೋಹ ಅಂತ ಬಡ್ಕೊಂಡ್ಯಲ್ಲೋ! ಇದು ಸೀರೆ ಕಣೋ! ಗಂಜಿ ಜಾಸ್ತಿ ಹಾಕಿರೋ ಸೀರೆ! ಇದನ್ನ ನಾನು ಯಾರ ಹತ್ರಾನೋ ಹೋಗಿ ಕೇಳ್ಬೇಕಾ?"

ಒಂದೇ ಕ್ಷಣದಲ್ಲಿ ಪಕ್ಷಾಂತರ ನಡೆದುಹೋಯಿತು. ಅವನು ಕಾರ್ಬನ್ನಿಗೆ ಹಾರಿದ. ಮುಂದೆ ಏನಾಗಲಿದೆ ಎಂದು ಹೊಳೆದ ನಾನು ಅಲ್ಯೂಮಿನಿಯಮ್ಮಿಗೆ ಹಾರಿದೆ. "ಅಲ್ಯೂಮಿನಿಯಂ ಹಗುರ ಕಣೋ, ತುಕ್ಕು ಹಿಡಿಯಲ್ಲ," ಎಂದೆಲ್ಲ ಗೋಗರೆದೆ. ಅವನಿಗೆ ಕೇಳಿಸಲಿಲ್ಲ.

ಕಾರ್ಬನ್ನಿನ ಎಳೆ ಎಲ್ಲಿ ಸಿಗಬೇಕು? ಮನೆಯಲ್ಲಿದ್ದ ಕಪ್ಪು ಪಾಲಿಯೆಸ್ಟರ್ ನೂಲೇ ಸಾಕು, ಹುರಿ ಎರಡರಷ್ಟು ಕೊಟ್ಟರಾಯಿತು ಎಂದ. ಅಲ್ಲಿ ಆದಿಲಕ್ಷ್ಮಮ್ಮ ಅಡ್ಡ ಬಂದರು.

"ನಮ್ಮ ಮಗ್ಗಕ್ಕೆ ಬರೀ ಕಪ್ಪು ಹಾಸು ಏರಿಸಬಾರ್ದು. ನಮ್ಮತ್ತೆ ಹೇಳಿ ಸತ್ತಿದ್ದಾರೆ."

"ಇದು ಸೀರೆ ಅಲ್ಲ ಕಣೇ, ಹ್ಯಾಂಡಲ್ಲು!"

"ಈಗ ತಾನೆ ಸೀರೆ ಅಂದ್ರಿ. ಬೀದಿಗೆಲ್ಲ ಕೇಳಿಸ್ತು."

ಸಂಧಾನ ನಡೆದು, ಎರಡೂ ಕಡೆ ಕೆಂಪು ಅಂಚು ಇಡುವುದೆಂದು ಒಪ್ಪಂದವಾಯಿತು. ಅಂಚಿಟ್ಟ ಮೇಲೆ ಅವನ ಕೈ ಸುಮ್ಮನಿರಲಿಲ್ಲ. ಹುಟ್ಟಿದಾಗಿನಿಂದ ಸೀರೆ ನೇಯ್ದ ಕೈ, ಬಟ್ಟೆಯ ತುದಿ ಬಂದರೆ ತಾನಾಗಿ ಸೆರಗು ಹಾಕುತ್ತದೆ. ಕೊನೆಯ ಗೇಣಿನಲ್ಲಿ ಜರಿಯ ಗೆರೆಗಳೂ ಬಂದವು, ಒಂದು ಸಾಲು ಮಾವಿನಕಾಯಿ ಬುಟ್ಟಾ ಕೂಡ. ಜಗತ್ತಿನ ಸೈಕಲ್ ಚರಿತ್ರೆಯಲ್ಲಿ ಅಂಚು, ಸೆರಗು, ಬುಟ್ಟಾ ಸಮೇತ ನೇಯಲ್ಪಟ್ಟ ಏಕೈಕ ಹ್ಯಾಂಡಲ್ಲು ದೊಡ್ಡಬಳ್ಳಾಪುರದ್ದು ಎಂದು ನಾನು ನಂಬಿದ್ದೇನೆ.

ಇನ್ನು ಅಂಟು. ಅದನ್ನು ಬಾಶೆಟ್ಟಿಹಳ್ಳಿಯಲ್ಲಿ ಫೈಬರ್ ಶೀಟು ಮಾಡುವ ಒಂದು ಶೆಡ್ಡಿನಿಂದ ನಾನೇ ಡಬ್ಬಿಯಲ್ಲಿ ತಂದೆ. ಅದರ ವಾಸನೆ ಮನೆಯಲ್ಲಿದ್ದ ಸೀರೆಗಳಿಗೆ ಹತ್ತುತ್ತದೆಂದು ಆದಿಲಕ್ಷ್ಮಮ್ಮ ಹೊಸ್ತಿಲು ದಾಟಿಸಲಿಲ್ಲ. ಹೀಗಾಗಿ ಮಹಾಯಾಗಕ್ಕೆ ನನ್ನ ಮನೆಯ ಬಚ್ಚಲು ನಿಗದಿಯಾಯಿತು. ಅಲ್ಲಿ ನೀರು ಕಾಯಿಸುವ ಹಂಡೆ ಒಲೆಯ ಬಿಸಿ ಇತ್ತು. ಬಟ್ಟೆಯನ್ನು ಉದ್ದಕ್ಕೆ ಸೀಳಿ, ಅಂಟಿನಲ್ಲಿ ಅದ್ದಿ, ಹಳೆಯ ಉಕ್ಕಿನ ಹ್ಯಾಂಡಲ್ಲನ್ನೇ ಅಚ್ಚು ಮಾಡಿಕೊಂಡು ಅದರ ಮೇಲೆ ಸುತ್ತಿದೆವು. ಒಂದು ಸುತ್ತು, ಎರಡು ಸುತ್ತು, ಬಟ್ಟೆ ಮುಗಿಯುವ ತನಕ. ಒಲೆಯ ಪಕ್ಕ ಗಳುವಿಗೆ ತೂಗುಹಾಕಿದೆವು.

ಮುತ್ಯಾಲಮ್ಮ ಮೂಗಿಗೆ ಸೆರಗು ಮುಚ್ಚಿಕೊಂಡು ಬಂದು ನೋಡಿದಳು. "ಏನ್ರೀ ಇದು, ಸತ್ತ ಹಾವು ಇದ್ದಂಗಿದೆ?"

"ಮುಟ್ಬೇಡ. ಕಾರ್ಬನ್ನು."

"ನಾನ್ಯಾಕ್ರೀ ಮುಟ್ಲಿ? ಮುಟ್ಟೋ ಬುದ್ಧಿ ಯಾರಿಗಿದೆ ಅಂತ ನಂಗೊತ್ತು."

ಮಾರನೆಯ ದಿನ ಭಾನುವಾರ. ಸ್ನಾನಕ್ಕೆ ಹೋದವನು, ಒಣಗಿದೆಯೋ ಇಲ್ಲವೋ ಎಂದು ಹ್ಯಾಂಡಲ್ಲನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದೆ. ಹಿಡಿತ ಹೇಗಿದೆ ಎಂದು ತಿಳಿಯಲು ಕೊಂಚ ಬಿಗಿಯಾಗಿಯೇ ಹಿಡಿದೆ. ಹಿಡಿತ ಬಹಳ ಚೆನ್ನಾಗಿತ್ತು. ಬಿಡಲು ಹೋದೆ. ಬಿಡಲಿಲ್ಲ. ಎಳೆದೆ. ಗಳುವೇ ಕೆಳಗೆ ಬಂತು. ಸೊಂಟಕ್ಕೆ ಒಂದು ಟವೆಲ್ಲು, ಎರಡು ಕೈಗೂ ಅಂಚು ಸೆರಗಿನ ಒಂದು ಹ್ಯಾಂಡಲ್ಲು. ಈ ಅವತಾರದಲ್ಲಿ ನಾನು ಬಚ್ಚಲಿನಿಂದ ಹೊರಬಂದಾಗ ಮುತ್ಯಾಲಮ್ಮ ಉಪ್ಪಿಟ್ಟು ಕೆದಕುತ್ತಿದ್ದಳು. ಒಮ್ಮೆ ನೋಡಿದಳು. ಕೆದಕುವುದನ್ನು ನಿಲ್ಲಿಸಲಿಲ್ಲ.

"ಎಲ್ಲಿಗೆ ಹೊರಟ್ರಿ?"

"ತಮಾಷೆ ಬೇಡ ಕಣೇ. ಬಿಡ್ತಾ ಇಲ್ಲ."

"ನಂಗೂ ಹಿಂಗೇ ಆಗಿದ್ದು, ಧಾರೆ ದಿನ. ಕೈ ಹಿಡ್ದೆ. ಬಿಡ್ತಾ ಇಲ್ಲ. ಕೂತ್ಕೊಳ್ಳಿ, ತಿನ್ನಿಸ್ತೀನಿ."

ಅವಳು ನನಗೆ ಉಪ್ಪಿಟ್ಟು ತಿನ್ನಿಸುತ್ತಿರುವಾಗಲೇ ವೆಂಕಟರಾಯಪ್ಪ ಒಳಗೆ ಬಂದ. ನಗುತ್ತಾನೆ ಎಂದುಕೊಂಡೆ. ನಗಲಿಲ್ಲ. ನನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಗ್ಗಿ, ಮಣಿಕಟ್ಟಿನ ಕೋನವನ್ನು ಪರೀಕ್ಷಿಸಿ ಹೇಳಿದ:

"ಇನ್ನೂ ಸ್ವಲ್ಪ ಅಗಲ ಹಿಡೀಬೇಕಿತ್ತು."

"ಅಣ್ಣಾ, ನೀವೂ ಒಂದು ತುತ್ತು ತಿಂತೀರಾ?" ಎಂದಳು ಮುತ್ಯಾಲಮ್ಮ. ಆಗ ಅವನಿಗೆ ನಗು ಬಂತು. ಆ ನಗು ಕೇಳಿ ಪಕ್ಕದ ಮನೆಯವರು ಬಂದರು. ಅವರು ಬಂದದ್ದು ನೋಡಿ ಎದುರು ಮನೆಯವರು ಬಂದರು. ಕೊಬ್ಬರಿ ಎಣ್ಣೆ, ಸೀಮೆಎಣ್ಣೆ, ಬಿಸಿನೀರು, ಕೊನೆಗೆ ತುರಿಯುವ ಮಣೆಯ ಹಿಂಬದಿ. ಹಸ್ತವಿಮೋಚನೆಯ ವಿವರಗಳು ಬೇಡ. ಬಹಳ ದಿನ ಕಾರ್ಖಾನೆಯಲ್ಲಿ ಪೆನ್ನನ್ನು ಬೆರಳ ತುದಿಯಲ್ಲಿ ಹಿಡಿದು ಬರೆದೆ.

ಎರಡು ದಿನ ಕಾದು ತೆಗೆದಾಗ ಹ್ಯಾಂಡಲ್ಲು ಕಲ್ಲಾಗಿತ್ತು, ಕರ್ರಗೆ ಹೊಳೆಯುತ್ತಿತ್ತು, ಸೆರಗಿನ ಬುಟ್ಟಾ ಬ್ರೇಕಿನ ಜಾಗಕ್ಕೆ ಸರಿಯಾಗಿ ಬಂದಿತ್ತು. "ಇನ್ನು ಒಳಗಿನ ಅಚ್ಚು ಎಳೆದುಬಿಟ್ರೆ ಆಯ್ತು," ಎಂದ ವೆಂಕಟರಾಯಪ್ಪ, ಒಂದು ತುದಿ ಹಿಡಿದು.

ನಾನು ಅವನನ್ನು ನೋಡಿದೆ. ಅವನು ಹ್ಯಾಂಡಲ್ಲನ್ನು ನೋಡಿದ. ಟಗರಿನ ಕೊಂಬಿನ ಹಾಗೆ ಸುತ್ತಿದ ಉಕ್ಕು, ಅದರ ಸುತ್ತ ಕಲ್ಲಾದ ಬಟ್ಟೆ. ಜೀವಮಾನವೆಲ್ಲ ಅವನು ದಿಂಡಿಗೆ ಸುತ್ತಿದ ಬಟ್ಟೆಯನ್ನು ಬಿಚ್ಚಿದವನು, ಕಂಡಿಕೆಗೆ ಸುತ್ತಿದ ನೂಲನ್ನು ಬಿಚ್ಚಿದವನು. ಸುತ್ತಿದ್ದು ಬಿಚ್ಚದೆ ಇರಬಹುದು ಎಂಬುದು ಅವನ ಕಸುಬಿನಲ್ಲೇ ಇರಲಿಲ್ಲ. ನನಗೆ ಹೊಳೆಯದಿದ್ದುದಕ್ಕೆ ಅಂಥ ಗೌರವದ ಕಾರಣವೂ ಇಲ್ಲ. ಉಕ್ಕಿನ ಭಾರ, ಅದರ ಮೇಲೆ ಅಂಟಿನ ಭಾರ, ಅದರ ಮೇಲೆ ಜರಿಯ ಭಾರ. ಹೂವಿನಷ್ಟು ಹಗುರವಾದ ನಮ್ಮ ಕಾರ್ಬನ್ ಹ್ಯಾಂಡಲ್ಲನ್ನು ಮುತ್ಯಾಲಮ್ಮ ಎರಡು ಕೈಯಲ್ಲಿ ಎತ್ತಿ, ಹಿತ್ತಿಲ ಬಾಗಿಲು ಗಾಳಿಗೆ ಬಡಿಯದಂತೆ ಒತ್ತಿಗೆ ಇಟ್ಟಳು.

ಅವನು ಅಂದು ಕಾಫಿಗೂ ಕೂರದೆ ಹೋದ. ಮೂರ್ನಾಲ್ಕು ದಿನ ನಾನೂ ಆ ಕಡೆ ಹೋಗಲಿಲ್ಲ. ಹೋದಾಗ ಮಗ್ಗದ ಮುಂದೆ ಕೂತು ಬಲಗೈಯನ್ನು ಎಡಗೈಯಲ್ಲಿ ಒತ್ತಿಕೊಳ್ಳುತ್ತಿದ್ದ. "ಕಿರುಬೆರಳು ಹೋಯ್ತು ಕಣೋ," ಎಂದ. ಅವನ ಲೆಕ್ಕದಲ್ಲಿ ಅದು ಬಹಳ ಮೆಲ್ಲಗೆ ಹೇಳಿದ ಮಾತು. ಹೆಂಡತಿಗೂ ಕೇಳಿಸಲಿಲ್ಲ.

ಮಾರನೆಯ ದಿನ ನಾನು ರಜೆ ಹಾಕಿದೆ. ಇಬ್ಬರೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಅಲ್ಯೂಮಿನಿಯಂ ಹ್ಯಾಂಡಲ್ಲು ತಂದೆವು. ದಾರಿಯುದ್ದಕ್ಕೂ ಅದನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡಿದ್ದ. ಹಗುರವಾಗಿದೆ ಎಂದು ನನ್ನ ಕೈಗೆ ಕೊಡುವುದು, ಕಿತ್ತುಕೊಳ್ಳುವುದು, ಮತ್ತೆ ಕೊಡುವುದು. ಆದರೂ ಅದರ ಅದುರು ಪೂರ್ತಿ ನಿಲ್ಲದು ಎಂದು ಅವನಿಗೆ ಗೊತ್ತಿತ್ತು. ಮನೆಗೆ ಬಂದು ಮಗ್ಗದ ಮೇಲೆ ಉಳಿದಿದ್ದ ಕಪ್ಪು ಹಾಸನ್ನು ಮತ್ತೆ ನೇಯ್ದ. ಈ ಸಲ ದಪ್ಪ ಹತ್ತಿಯ ಹೊಕ್ಕು ಕೊಟ್ಟು, ಮೆತ್ತಗೆ, ಪಟ್ಟಿಯ ಹಾಗೆ. ಅಂಟಿಲ್ಲ, ಗಂಜಿಯಿಲ್ಲ. ಅದನ್ನು ಹ್ಯಾಂಡಲ್ಲಿಗೆ ಒತ್ತೊತ್ತಾಗಿ ಸುತ್ತಿ ತುದಿಯನ್ನು ಒಳಕ್ಕೆ ಮಡಚಿದ. ಕೆಂಪು ಅಂಚು ಸುರುಳಿ ಸುರುಳಿಯಾಗಿ ಕಾಣುತ್ತಿತ್ತು.

"ಒಳಗೆ ನಂದು, ಮೇಲೆ ನಿಂದು," ಎಂದೆ.

"ಒಳಗೂ ನಂದೇ. ಅಲ್ಮೀನಿಯಂ ಪಕ್ಷ ಮೊದ್ಲು ನಂದು. ನೀನು ಆಮೇಲೆ ಬಂದು ಸೇರ್ಕೊಂಡೋನು."

ಹೋದ ತಿಂಗಳು ಒಂದು ಭಾನುವಾರ ಹೊರಟೆವು. ನಸುಕಿನ ತಂಪು. ಅವನು ನನ್ನನ್ನು ಬಿಟ್ಟು ಹಾರಲಿಲ್ಲ. ಹಾರಲು ಆಗುತ್ತಿರಲಿಲ್ಲ ಎನ್ನುವುದು ನಿಜ, ಆದರೆ ನನಗಾಗಿ ನಿಧಾನ ಮಾಡುತ್ತಿದ್ದೇನೆ ಎಂದು ದಾರಿಯುದ್ದಕ್ಕೂ ಕೂಗಿ ಹೇಳುತ್ತಿದ್ದ. ಕೈ ಹೇಗಿದೆ ಎಂದು ನಾನು ಕೇಳುವುದು, ನಿನ್ನ ಸೊಂಟ ನೋಡ್ಕೋ ಎಂದು ಅವನು ಹೇಳುವುದು. ದೇವನಹಳ್ಳಿಯಲ್ಲಿ ಕಾಫಿ ಕುಡಿದೆವು. ಲೋಟವನ್ನು ಬಲಗೈಯಲ್ಲೇ ಹಿಡಿದ.

ತೋಪಿನಲ್ಲಿ ಯಾರೂ ಇರಲಿಲ್ಲ. ಅವನು ಸೈಕಲ್ಲನ್ನು ಒರಗಿಸಿ, ಒಂದು ದೊಡ್ಡ ಮರದ ಬುಡಕ್ಕೆ ಅಂಗೈ ಊರಿ ಬಹಳ ಹೊತ್ತು ನಿಂತ.

"ತೊಗಟೆ ಒರಟು ಅಂತ ಗೊತ್ತಾಗ್ತಾ ಇದೆ ಕಣೋ."

"ಕಿರುಬೆರಳಿಗೂ?"

"ಅದಕ್ಕೆ ನಾಲ್ಕು ಜನ ಅಣ್ಣಂದಿರು ಹೇಳ್ತಾರೆ ಬಿಡು."

ಆಮೇಲೆ ಮಲಗಿ ನಿದ್ದೆ ಮಾಡಿದ. ನಾನು ಪಕ್ಕದಲ್ಲಿ ಕೂತು ನೊಣ ಓಡಿಸಿದೆ. ಆ ಮಧ್ಯಾಹ್ನ ಇನ್ನೂ ಸ್ವಲ್ಪ ಉದ್ದ ಇರಬಹುದಿತ್ತು. ನಾನೇ ಬಿಸಿಲು ಇಳಿಯಿತೆಂದು ಎಬ್ಬಿಸಿದೆ.

ವಾಪಸು ಬರುವಾಗ ದೇವನಹಳ್ಳಿ ಬಸ್ ಸ್ಟ್ಯಾಂಡಿನ ಹತ್ತಿರ ಅವನು ಇಳಿದುಬಿಟ್ಟ. ಬೆರಳು ಮಡಚುತ್ತಿರಲಿಲ್ಲ. ದೊಡ್ಡಬಳ್ಳಾಪುರದ ಬಸ್ಸು ನಿಂತಿತ್ತು. ಅವನ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸೋಣ ಎಂದೆ.

"ಮೇಲೆ ಹೂಕೋಸಿನ ಮೂಟೆ ನೋಡ್ದ್ಯಾ? ನನ್ನ ಹ್ಯಾಂಡಲ್ ಮೇಲೆ ಎಸೀತಾರೆ. ಆಗಲ್ಲ. ನಿನ್ನ ಎಮ್ಮೆ ಹಾಕ್ಸು. ಅದಕ್ಕೇನೂ ಆಗಲ್ಲ. ನೀನು ಇದನ್ನ ತುಳ್ಕೊಂಡು ಬಾ."

"ನನಗೆ ಬಗ್ಗಿ ಓಡಿಸೋಕೆ ಬರಲ್ವಲ್ಲೋ!"

"ವರ್ಷದಿಂದ ಹ್ಯಾಂಡಲ್ ಬಗ್ಗೆ ಪಾಠ ಹೇಳಿದ್ದೀಯ. ಹಿಡ್ದು ನೋಡು."

ಬಸ್ಸು ಹೊರಟಿತು. ನಾನು ಹತ್ತಿದೆ, ಬಗ್ಗಿದೆ, ಎರಡು ಸುತ್ತು ತುಳಿದೆ, ಎಳನೀರಿನ ರಾಶಿಯೊಳಗೆ ಹೋದೆ. ಬಸ್ಸಿನ ಹಿಂದಿನ ಗಾಜಿನಲ್ಲಿ ಅವನ ಮುಖ ಕಾಣಿಸಿತು. ಬಾಯಿ ತೆರೆದಿತ್ತು. ಆ ನಗು ನನಗೂ ಕೇಳಿಸಿತು, ಎಳನೀರಿನವನಿಗೂ ಕೇಳಿಸಿತು. ಸೈಕಲ್ಲಿಗೆ ಏನೂ ಆಗಲಿಲ್ಲ. ಉಳಿದ ದಾರಿಯಲ್ಲಿ ಮುಕ್ಕಾಲು ಪಾಲು ತಳ್ಳಿಕೊಂಡು ನಡೆದೆ.

ಮನೆ ಸೇರುವಾಗ ದೀಪ ಹತ್ತಿದ್ದವು. ಮುತ್ಯಾಲಮ್ಮ ಜಗುಲಿಯಲ್ಲಿ ನಿಂತಿದ್ದಳು.

"ಈ ವಯಸ್ಸಲ್ಲಿ ನಿಮಗೆ ರೇಸು ಬೇಕಾ? ಬೇಡ ಬೇಡ ಅಂದ್ರೂ ಕಿತ್ಕೊಂಡು ಹತ್ತಿದ್ರಂತೆ? ಪಾಪ, ಆ ಅಣ್ಣ ಎಷ್ಟು ನೊಂದ್ಕೊಂಡ್ರು!"

ನಾನು ಬಾಯಿ ತೆರೆದೆ. ಅವಳು ಬಿಡಲಿಲ್ಲ. ಅವನು ಬಸ್ಸಿನಿಂದ ನನ್ನ ಸೈಕಲ್ಲು ಇಳಿಸಿಕೊಂಡು ತಳ್ಳುತ್ತ ಬಂದಿದ್ದನಂತೆ. ಜಗುಲಿಯ ಮೇಲೆ ಕೂತು ಎರಡು ಲೋಟ ಕಾಫಿ ಕುಡಿದು, ನಾನು ಎಳನೀರಿನ ರಾಶಿಗೆ ನುಗ್ಗಿದ್ದನ್ನು ಎದ್ದು ನಿಂತು ಅಭಿನಯಿಸಿ ತೋರಿಸಿದನಂತೆ. ತೋಪಿನ ಮರ ಹಾಗೇ ಇದೆ ಎಂದನಂತೆ. "ನಾಳೆ ಅವನೇ ನನ್ನ ಸೈಕಲ್ಲು ಮನೆಗೆ ತಂದ್ಕೊಡ್ಲಿ ತಂಗಿ, ತುಳ್ಕೊಂಡೇ ಬರ್ಬೇಕು, ತಳ್ಕೊಂಡಲ್ಲ. ಆಮೇಲೆ ಅವನ ಕೀ ಕೊಡ್ತೀನಿ," ಎಂದು ಹೇಳಿ, ನನ್ನ ಸೈಕಲ್ಲಿಗೆ ಬೀಗ ಹಾಕಿ, ಕೀಲಿಕೈಯನ್ನು ಜೇಬಿಗೆ ಹಾಕಿಕೊಂಡು, ನಡೆದು ಮನೆಗೆ ಹೋದ.